ಕೇಬಲ್ಲಿನಲ್ಲಿ ಇಳಿಯುವ ಓಎಸ್

ಹಾರ್ಡ್ ಡಿಸ್ಕ್ ಕೈಕೊಟ್ಟ ಕಂಪ್ಯೂಟರನ್ನು ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಒಂದು ಸಾಲು ಬಂದು ನಿಲ್ಲುವುದುಂಟು: ‘ಪಿಎಕ್ಸ್‌ಇ-ಇ61: ಮೀಡಿಯಾ ಟೆಸ್ಟ್ ಫೇಲ್ಯೂರ್, ಚೆಕ್ ಕೇಬಲ್’. ಶಾಲೆಯ ಲ್ಯಾಬಿನಲ್ಲಾಗಲಿ, ಪಂಚಾಯಿತಿ ಕಚೇರಿಯಲ್ಲಾಗಲಿ ಇದನ್ನು ಕಂಡವರು ಸಾಮಾನ್ಯವಾಗಿ ಮಾಡುವುದು ಒಂದೇ: ವೈರುಗಳನ್ನು ಕಳಚಿ ಸಿಪಿಯು ಡಬ್ಬಿಯನ್ನು ಪೇಟೆಯ ರಿಪೇರಿ ಅಂಗಡಿಗೆ ಹೊರುವುದು. ಡಿಸ್ಕ್ ಕೆಟ್ಟಿದ್ದರೆ ಅಂಗಡಿಗೆ ಹೋಗಲೇಬೇಕು, ಸರಿ. ಆದರೆ ಆ ಸಾಲು ಡಿಸ್ಕಿನ ಮಾತೇ ಆಡುತ್ತಿಲ್ಲ. ಡಿಸ್ಕಿನಲ್ಲಿ ಏನೂ ಸಿಗದೆ, ಪೆನ್‌ಡ್ರೈವೂ ಕಾಣದೆ, ಕೊನೆಗೆ ‘ನೆಟ್‌ವರ್ಕಿನಲ್ಲಿ ನನಗೊಂದು ಓಎಸ್ ಕೊಡುವವರು ಯಾರಾದರೂ ಇದ್ದೀರಾ’ ಎಂದು ಕೇಳಲು ಹೊರಟ ಕಂಪ್ಯೂಟರು, ಕೇಬಲ್ಲನ್ನೇ ಸಿಕ್ಕಿಸಿಲ್ಲವಲ್ಲ ಎಂದು ದೂರುತ್ತಿದೆ, ಅಷ್ಟೆ. ಕೇಬಲ್ ಸಿಕ್ಕಿಸಿ ನೋಡಿ, ಸಂಖ್ಯೆ ಬದಲಾಗುತ್ತದೆ. ಆ ಕಡೆ ಉತ್ತರಿಸುವವರೇ ಇಲ್ಲದಿದ್ದರೆ ಇ51 ಬರುತ್ತದೆ. ಮಾಮೂಲಿ ರೂಟರ್ ಇದ್ದು, ಅದು ವಿಳಾಸ ಕೊಟ್ಟು, ಯಾವ ಫೈಲ್ ತೆಗೆದುಕೊಳ್ಳಬೇಕೆಂದು ಹೇಳದೆ ಸುಮ್ಮನಾದರೆ ಇ53. ಫೈಲಿನ ಹೆಸರನ್ನೂ ಹೇಳುವವರು ಸಿಕ್ಕರೆ ಎರರ್ ಇರುವುದಿಲ್ಲ, ಓಎಸ್ ಇಳಿಯಲು ಶುರುವಾಗುತ್ತದೆ.

ಆ ‘ಹೇಳುವವರ’ ವ್ಯವಸ್ಥೆ ಒಂದನ್ನು ಮಾಡಿಕೊಂಡರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಶಾಲಾ ಲ್ಯಾಬುಗಳ ಆಯಸ್ಸನ್ನು ಬಹಳ ಅಗ್ಗದಲ್ಲಿ ಹೆಚ್ಚಿಸಬಹುದು ಎಂಬುದು ನನ್ನ ವಾದ. ಲ್ಯಾಬಿನ ಕಂಪ್ಯೂಟರುಗಳೆಲ್ಲ ಒಂದೇ ದಿನ ಸಾಯುವುದಿಲ್ಲ. ಒಂದಕ್ಕೆ ವೈರಸ್ ಹತ್ತಿರುತ್ತದೆ. ಇನ್ನೊಂದರ ಪಾಸ್‌ವರ್ಡ್ ಇಟ್ಟ ಮೇಷ್ಟ್ರು ವರ್ಗವಾಗಿ ಹೋಗಿರುತ್ತಾರೆ. ಮತ್ತೊಂದರಲ್ಲಿ ಕನ್ನಡ ಫಾಂಟ್ ಇಲ್ಲದೆ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು. ಯಂತ್ರ ಗಟ್ಟಿಯಾಗಿಯೇ ಇದ್ದರೂ ‘ಫಾರ್ಮ್ಯಾಟ್ ಹೊಡೆಸಬೇಕು’ ಎಂಬ ಪಟ್ಟಿಗೆ ಒಂದೊಂದಾಗಿ ಸೇರಿ, ಹತ್ತರಲ್ಲಿ ಏಳು ಮೂಲೆ ಹಿಡಿದ ಮೇಲೆ ಲ್ಯಾಬಿಗೆ ಬೀಗ ಬೀಳುತ್ತದೆ. ಇದರ ಜೊತೆಗೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟುಗಳ ಸಾಮಾನ್ಯ ಅವಧಿ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಇವೆರಡೂ ಇಲ್ಲದ, ಆದರೆ ಹತ್ತನೇ ತರಗತಿಯ ಮಕ್ಕಳ ಕೆಲಸಕ್ಕೆ ಧಾರಾಳವಾಗಿ ಸಾಕಾಗುವ ಯಂತ್ರಗಳನ್ನು ಕಂಪನಿಗಳು ರಾಶಿ ಹಾಕಿ ಬದಲಾಯಿಸುತ್ತವೆ. ಅಂಥವು ಬೆಂಗಳೂರಿನ ಎಸ್‌ಪಿ ರೋಡಿಗೂ ಬರುತ್ತವೆ, ದಾನವಾಗಿ ಶಾಲೆಗಳಿಗೂ ಬರುತ್ತವೆ. ಎಚ್ಚರವುಳ್ಳ ಕಂಪನಿ ತನ್ನ ಡೇಟಾ ಹೊರಗೆ ಹೋಗದಂತೆ ಡಿಸ್ಕನ್ನು ಪೂರ್ತಿ ಅಳಿಸಿಯೇ ಕೊಡುತ್ತದೆ. ಹೀಗೆ ಓಎಸ್ ಇಲ್ಲದ, ಸಿಡಿ ಡ್ರೈವೂ ಇಲ್ಲದ ಇಪ್ಪತ್ತು ಡಬ್ಬಿಗಳು ಹೈಸ್ಕೂಲಿನ ಬಾಗಿಲಿಗೆ ಬಂದಿಳಿದರೆ ಮುಂದೇನು ಎಂಬುದೇ ಪ್ರಶ್ನೆ.

ಪಿಎಕ್ಸ್‌ಇ ಎಂದರೆ ಓಎಸ್ ಏಳುವ ಮೊದಲೇ, ನೆಟ್‌ವರ್ಕ್ ಕಾರ್ಡಿನ ಅಥವಾ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಕೂತಿರುವ ಪುಟ್ಟ ಪ್ರೋಗ್ರಾಮು ಓಡುವ ಏರ್ಪಾಡು. ಕಂಪ್ಯೂಟರ್ ಆನ್ ಮಾಡಿ ಎಫ್12 ಒತ್ತಿ (ಕೆಲವು ಕಂಪನಿಗಳಲ್ಲಿ ಬೇರೆ ಕೀ ಇರುತ್ತದೆ) ನೆಟ್‌ವರ್ಕ್ ಬೂಟ್ ಆರಿಸಿದರೆ ಅದು ಎಚ್ಚರವಾಗುತ್ತದೆ. ಆ ಕ್ಷಣದಲ್ಲಿ ಅದಕ್ಕೆ ತನ್ನದೇ ಆದ ಐಪಿ ವಿಳಾಸವಿಲ್ಲ, ಯಾರ ವಿಳಾಸವೂ ಗೊತ್ತಿಲ್ಲ. ಗೊತ್ತಿರುವುದು ಕಾರ್ಖಾನೆಯಲ್ಲಿ ಕೆತ್ತಿ ಕಳಿಸಿದ 48 ಬಿಟ್ಟಿನ ಮ್ಯಾಕ್ ಸಂಖ್ಯೆ ಮಾತ್ರ. ಅದನ್ನೇ ಹೇಳಿಕೊಂಡು ಇಡೀ ಕೋಣೆಗೆ ಕೇಳುವಂತೆ ಕೂಗುತ್ತದೆ. ಡಿಎಚ್‌ಸಿಪಿ ಸರ್ವರ್ ಎಂಬುದು ಆ ಕೂಗಿಗೆ ಓಗೊಟ್ಟು ಮೂರು ಸಂಗತಿ ತಿಳಿಸುತ್ತದೆ: ನಿನ್ನ ವಿಳಾಸ ಇದು, ಓಎಸ್ ಕೊಡುವ ಯಂತ್ರ ಅದು, ಮೊದಲು ತರಬೇಕಾದ ಫೈಲಿನ ಹೆಸರು ಇದು. ಆ ಫೈಲ್ ಬರುವುದು ಟಿಎಫ್‌ಟಿಪಿ ಎಂಬ, 1981ರಲ್ಲೇ ಬರೆದಿಟ್ಟ ಬಹಳ ಸರಳ ಪದ್ಧತಿಯಲ್ಲಿ. 512 ಬೈಟಿನ ಒಂದು ತುಂಡು ಕಳಿಸುವುದು, ‘ಬಂತು’ ಎನ್ನುವವರೆಗೆ ಕಾಯುವುದು, ಆಮೇಲೆ ಮುಂದಿನ ತುಂಡು. ನಿಧಾನವೇ ಹೌದು. ಆದರೆ ಇಷ್ಟು ಸರಳವಾಗಿದ್ದರಿಂದಲೇ ಅದು ಚಿಪ್ಪಿನ ಅಂಗೈ ಅಗಲದ ಜಾಗದಲ್ಲಿ ಹಿಡಿಸಿತು. ಆ ಚಿಕ್ಕ ಫೈಲ್ ಬಂದು ಒಂದು ಮೆನು ತೋರಿಸುತ್ತದೆ. ಆರಿಸಿದ ಮೇಲೆ ಲಿನಕ್ಸಿನ ತಿರುಳೂ ಇನ್‌ಸ್ಟಾಲರೂ ರ‍್ಯಾಮಿಗೆ ಬಂದು ಕೂರುತ್ತವೆ. ಅಲ್ಲಿಂದ ಮುಂದೆ ವೆಬ್‌ಸೈಟುಗಳು ಬರುವಂಥದೇ ಎಚ್‌ಟಿಟಿಪಿ ದಾರಿಯಲ್ಲಿ ಉಳಿದ ಸಾಮಾನು ವೇಗವಾಗಿ ಇಳಿಯುತ್ತದೆ.

ಇದು ಹೊಸ ಸರಕೇನಲ್ಲ. ಡಿಸ್ಕೇ ಇಲ್ಲದ ಸನ್ ಕಂಪನಿಯ ವರ್ಕ್‌ಸ್ಟೇಷನ್ನುಗಳು 1980ರ ದಶಕದಲ್ಲೇ ಹೀಗೆ ಏಳುತ್ತಿದ್ದವು. 1985ರಲ್ಲಿ ಬೂಟ್‌ಪಿ ಎಂಬ ನಿಯಮಾವಳಿ ಬಂತು, 1999ರಲ್ಲಿ ಇಂಟೆಲ್ ಪಿಎಕ್ಸ್‌ಇಯ 2.1ನೇ ಆವೃತ್ತಿಯನ್ನು ಪ್ರಕಟಿಸಿತು. ಅಂದರೆ 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆ ಆಗುವ ಹೊತ್ತಿಗೆ ಈ ತಂತ್ರ ಸಾಕಷ್ಟು ಹಳೆಯದಾಗಿತ್ತು. (2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಆಯಿತು, ಜನರ ಬಾಯಲ್ಲಿ ಇನ್ನೂ ರಾಮನಗರವೇ.) ನೂರಾರು ಕಂಪ್ಯೂಟರುಗಳನ್ನು ನಾಲ್ಕು ಮಂದಿ ನೋಡಿಕೊಳ್ಳಬೇಕಾದ ದೊಡ್ಡ ಕಚೇರಿಗಳು, ಡೇಟಾ ಸೆಂಟರುಗಳು ಎಂದಿನಿಂದಲೋ ಇದನ್ನು ಬಳಸುತ್ತಿವೆ. ಬಿಡದಿ, ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೂ ಅಲ್ಲಿಂದ ಕೂಗಳತೆಯ ಹೈಸ್ಕೂಲಿಗೂ ಇರುವ ಅಂತರ ಯಂತ್ರದ್ದಲ್ಲ. ಡೆಸ್ಕ್‌ಟಾಪ್ ಎರಡೂ ಕಡೆ ಒಂದೇ ಬಗೆಯದು, ಒಳಗಿನ ಚಿಪ್ಪೂ ಒಂದೇ. ಕಂಪನಿಯಲ್ಲಿ ಇಡೀ ಕೋಣೆಯನ್ನು ಒಂದು ಘಟಕವೆಂದು ನೋಡುತ್ತಾರೆ. ಶಾಲೆಯಲ್ಲಿ ಒಂದೊಂದು ಡಬ್ಬಿಯನ್ನೂ ಬೇರೆ ಬೇರೆ ಸಂಸಾರ ಎಂಬಂತೆ ನೋಡುತ್ತಾರೆ.

ಇಲ್ಲಿ ಎಲ್ಲರೂ ಎತ್ತುವ ಮೊದಲ ಆಕ್ಷೇಪ ಇಂಟರ್ನೆಟ್ಟಿನದು. ಕನಕಪುರದಿಂದ ಆಚೆ ಸಾತನೂರು, ಕೋಡಿಹಳ್ಳಿ, ಉಯ್ಯಂಬಳ್ಳಿ ಹೋಬಳಿಗಳ ಕಾಡಂಚಿನ ಊರುಗಳಲ್ಲಿ ಮೊಬೈಲ್ ಸಿಗ್ನಲ್ಲೇ ಕಣ್ಣಾಮುಚ್ಚಾಲೆ ಆಡುವಾಗ ನೆಟ್‌ವರ್ಕಿನಲ್ಲಿ ಓಎಸ್ ಎಲ್ಲಿಂದ ಎಂದು ಕೇಳುತ್ತಾರೆ. ಈ ಕೆಲಸಕ್ಕೆ ಬೇಕಾದ ನೆಟ್‌ವರ್ಕ್ ಆ ಕೋಣೆಯ ಗೋಡೆ ದಾಟಿ ಹೋಗಬೇಕಾಗಿಯೇ ಇಲ್ಲ. ಒಂದು ಲ್ಯಾಪ್‌ಟಾಪು, ಒಂದು ಸ್ವಿಚ್ಚು, ಕಂಪ್ಯೂಟರಿಗೊಂದರಂತೆ ಕೇಬಲ್ಲು, ಇಷ್ಟೇ ಅದರ ಪ್ರಪಂಚ. ಲೆಕ್ಕ ಹಾಕಿದರೆ ಸ್ಪಷ್ಟವಾಗುತ್ತದೆ. ಓಎಸ್ ಮತ್ತು ಜೊತೆಯ ತಂತ್ರಾಂಶ ಸೇರಿ 6 ಜಿಬಿ ಎಂದುಕೊಳ್ಳಿ. ಸೆಕೆಂಡಿಗೆ 10 ಮೆಗಾಬಿಟ್ಟಿನ ಇಂಟರ್ನೆಟ್ಟಿನಲ್ಲಿ ಇಪ್ಪತ್ತು ಯಂತ್ರಗಳೂ ಅದನ್ನು ಬೇರೆ ಬೇರೆ ಇಳಿಸಿಕೊಂಡರೆ ಹೆಚ್ಚುಕಡಿಮೆ 27 ಗಂಟೆ. ಸಿಗ್ನಲ್ ಚೆನ್ನಾಗಿರುವ ಕಡೆ, ಉದಾಹರಣೆಗೆ ತಾಲ್ಲೂಕು ಕೇಂದ್ರದಲ್ಲೇ, ಒಮ್ಮೆ ಇಳಿಸಿ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡರೆ ಅದೇ ವೇಗದಲ್ಲಿ 80 ನಿಮಿಷ. ಆಮೇಲೆ ಕೋಣೆಯೊಳಗೆ 100 ಮೆಗಾಬಿಟ್ಟಿನ ಹಳೆಯ ಸ್ವಿಚ್ಚಾದರೆ ಇಪ್ಪತ್ತಕ್ಕೂ ಸೇರಿ ಎರಡೂ ಮುಕ್ಕಾಲು ಗಂಟೆಯ ಒಳಗೆ ಡೇಟಾ ಸಾಗುತ್ತದೆ. ಗಿಗಾಬಿಟ್ ಸ್ವಿಚ್ಚಾದರೆ ಲೆಕ್ಕದ ಪ್ರಕಾರ 16 ನಿಮಿಷ. ನಿಜದಲ್ಲಿ ಅಷ್ಟು ಬೇಗ ಆಗುವುದಿಲ್ಲ, ಹಳೆಯ ಹಾರ್ಡ್ ಡಿಸ್ಕಿಗೆ ಬರೆಯುವ ವೇಗವೇ ಅಷ್ಟಿರುವುದಿಲ್ಲ. ಅಂದರೂ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ.

ಪೆನ್‌ಡ್ರೈವ್ ಇರುವಾಗ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆಯಲ್ಲಿ ಅರ್ಧ ಹುರುಳಿದೆ. ಒಂದೆರಡು ಕಂಪ್ಯೂಟರಾದರೆ ಪೆನ್‌ಡ್ರೈವೇ ಸರಿ. ಅದಕ್ಕಾಗಿ ಸರ್ವರ್ ಹೂಡುವುದು ಶುದ್ಧ ದಂಡ. ಇಪ್ಪತ್ತಾದರೆ ಲೆಕ್ಕ ತಿರುಗುತ್ತದೆ. ಒಂದಕ್ಕೆ ಅರ್ಧ ಗಂಟೆ ಹಿಡಿದರೂ ಹತ್ತು ಗಂಟೆ. ನಾಲ್ಕೈದು ಪೆನ್‌ಡ್ರೈವ್ ಇಟ್ಟುಕೊಂಡು ಆ ಹೊತ್ತನ್ನು ಇಳಿಸಬಹುದು, ಆದರೆ ಪ್ರತಿ ಯಂತ್ರವೂ ಅದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತದೆ: ಯಾವ ಭಾಷೆ, ಯಾವ ಕೀಬೋರ್ಡ್, ಯಾವ ಸಮಯ ವಲಯ, ಡಿಸ್ಕ್ ಹೇಗೆ ಹಂಚಲಿ, ಬಳಕೆದಾರನ ಹೆಸರೇನು. ಹನ್ನೊಂದನೇ ಯಂತ್ರದ ಹೊತ್ತಿಗೆ ಮನುಷ್ಯ ಬೇಸತ್ತು ಏನೋ ಒಂದು ಒತ್ತಿರುತ್ತಾನೆ. ಡೆಬಿಯನ್ ಲಿನಕ್ಸಿನಲ್ಲಿ ಪ್ರೀಸೀಡ್ ಎಂಬ ಒಂದು ಸಾದಾ ಫೈಲಿನಲ್ಲಿ ಈ ಎಲ್ಲ ಉತ್ತರಗಳನ್ನೂ ಮೊದಲೇ ಬರೆದಿಡಬಹುದು. ರೆಡ್‌ಹ್ಯಾಟಿನಲ್ಲಿ ಅದರ ಹೆಸರು ಕಿಕ್‌ಸ್ಟಾರ್ಟ್, ಉಬುಂಟುವಿನಲ್ಲಿ ಆಟೋಇನ್‌ಸ್ಟಾಲ್. ಸಮಯ ವಲಯ ಕೋಲ್ಕತ್ತ, ಕೀಬೋರ್ಡ್ ಕಗಪ, ಫಾಂಟುಗಳಲ್ಲಿ ಗುಬ್ಬಿ ಮತ್ತು ನವಿಲು, ಜೊತೆಗೆ ಲಿಬ್ರೆಆಫೀಸ್, ಜಿಯೋಜೀಬ್ರಾ ಎಂದು ಒಮ್ಮೆ ಬರೆದರೆ ಇಪ್ಪತ್ತೂ ಯಂತ್ರಗಳು ಒಂದೇ ಅಚ್ಚಿನಲ್ಲಿ ಏಳುತ್ತವೆ. ಮಗು ಯಾವ ಕುರ್ಚಿಗೆ ಹೋಗಿ ಕೂತರೂ ಮೆನು ಅದೇ ಜಾಗದಲ್ಲಿರುತ್ತದೆ, ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದು ಎಲ್ಲರ ಪರದೆಗೂ ಒಪ್ಪುತ್ತದೆ. ಉಳಿಯುವ ಹೊತ್ತಿಗಿಂತ ಇದು ದೊಡ್ಡ ಲಾಭ ಎಂದು ನನಗನಿಸುತ್ತದೆ.

ಈ ಸೀಮೆಯವರಿಗೆ ಇದನ್ನು ಅರ್ಥ ಮಾಡಿಸಲು ರೇಷ್ಮೆಯ ಉದಾಹರಣೆಗಿಂತ ಹತ್ತಿರದ್ದು ಬೇಡ. ಮೊದಲೆಲ್ಲ ರೈತರು ಮೊಟ್ಟೆಯನ್ನು ತಾವೇ ಮನೆಗೆ ತಂದು ಮರಿ ಮಾಡಿಸಿಕೊಳ್ಳುತ್ತಿದ್ದರು. ಈಗ ಬಹುಪಾಲು ಜನ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತರುತ್ತಾರೆ. ಎಳೆ ಹುಳುವಿಗೆ ಬೇಕಾದ ಶಾಖ, ತೇವ, ಎಳೆ ಸೊಪ್ಪು ಇವನ್ನು ಮನೆಮನೆಯಲ್ಲೂ ಸರಿಯಾಗಿ ಒದಗಿಸುವುದು ಕಷ್ಟ. ಬಲ್ಲವರು ಒಂದು ಕಡೆ ಮಾಡಿ ಹಂಚಿದರೆ ಬೆಳೆ ಸಮನಾಗಿ ಬರುತ್ತದೆ. ಓಎಸ್ ಹಾಕುವುದು ಕಂಪ್ಯೂಟರಿನ ಚಾಕಿ ಹಂತ. ಅದು ಒಂದು ಕಡೆ, ಬಲ್ಲವರ ಕೈಯಲ್ಲಿ, ಒಂದೇ ಸಲ ಸರಿಯಾಗಿ ಆಗಬೇಕು. ಅದಾದ ಮೇಲೆ ನಿತ್ಯದ ಸಾಕಣೆ ಶಾಲೆಯದು. ಈ ಹೋಲಿಕೆಯನ್ನು ಎತ್ತಿದವರು ಅದರ ಇನ್ನೊಂದು ಮುಖವನ್ನೂ ಒಪ್ಪಬೇಕಾಗುತ್ತದೆ. ಚಾಕಿ ಕೇಂದ್ರದಲ್ಲೇ ಗಂಟು ರೋಗ ಹೊಕ್ಕರೆ ಅಲ್ಲಿಂದ ಹುಳು ತಂದ ಎಲ್ಲ ಮನೆಗಳಲ್ಲೂ ಬೆಳೆ ಹೋಗುತ್ತದೆ. ಪ್ರೀಸೀಡ್ ಫೈಲಿನಲ್ಲಿ ಒಂದು ತಪ್ಪಿದ್ದರೆ ಇಪ್ಪತ್ತು ಯಂತ್ರಗಳಲ್ಲೂ ಅದೇ ತಪ್ಪು. ಸರ್ವರಿನ ಓಎಸ್ ಪ್ರತಿಯೊಳಗೆ ಯಾರಾದರೂ ಕೆಟ್ಟ ಪ್ರೋಗ್ರಾಮ್ ಸೇರಿಸಿದ್ದರೆ ಅದು ಲ್ಯಾಬಿಗೆ ಲ್ಯಾಬನ್ನೇ ಹಿಡಿಯುತ್ತದೆ. ಆದರೆ ಚಾಕಿ ಕೇಂದ್ರಗಳನ್ನು ಮುಚ್ಚಿ ಮನೆಮನೆಗೆ ಮೊಟ್ಟೆ ಹಂಚೋಣ ಎಂದು ಇದಕ್ಕಾಗಿ ಯಾರೂ ಹೇಳುವುದಿಲ್ಲ. ಮೊಟ್ಟೆಯನ್ನು ಪರೀಕ್ಷಿಸುತ್ತಾರೆ, ಕೇಂದ್ರವನ್ನು ಸೋಂಕುಮುಕ್ತ ಮಾಡುತ್ತಾರೆ. ಇಲ್ಲೂ ಹಾಗೆಯೇ ಮಾಡಬಹುದು. ಇಳಿಸಿಕೊಂಡ ಓಎಸ್‌ನ ಚೆಕ್‌ಸಮ್ಮನ್ನು ಅದರ ಅಧಿಕೃತ ತಾಣದಲ್ಲಿರುವುದಕ್ಕೆ ಹೋಲಿಸಬೇಕು, ಮೊದಲು ಒಂದೇ ಯಂತ್ರಕ್ಕೆ ಹಾಕಿ ಒಂದು ವಾರ ಬಳಸಿ ನೋಡಬೇಕು. ಇಷ್ಟು ಮಾಡಿದರೆ ಅಪಾಯದ ಬಹುಪಾಲು ಇಳಿಯುತ್ತದೆ. ತಪ್ಪು ಉಳಿದರೂ ತಿದ್ದಬೇಕಾದ ಫೈಲ್ ಒಂದೇ, ಇಪ್ಪತ್ತಲ್ಲ.

ಏಕರೂಪತೆ ದೊಡ್ಡ ಪ್ರಮಾಣದಲ್ಲಿ ಏನು ಮಾಡಬಲ್ಲದು ಎಂಬುದನ್ನು ನೋಡಲು ಕನ್ನಡಿಗರು ದೂರ ಹೋಗಬೇಕಿಲ್ಲ, ಕಾಸರಗೋಡಿಗೆ ಹೋದರೆ ಸಾಕು. ಕೇರಳದಲ್ಲಿ 2001ರ ಸುಮಾರಿಗೆ ಐಟಿ@ಸ್ಕೂಲ್ ಯೋಜನೆ ಶುರುವಾಗಿ, ಶಾಲೆಗಳ ಕಂಪ್ಯೂಟರ್ ಪಾಠ ಪೂರ್ತಿಯಾಗಿ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟು ಆಧಾರದ ಮೇಲೆ ಶಾಲೆಗೆಂದೇ ಹೊಲಿದ ಓಎಸ್, ಅದಕ್ಕೆ ಹೊಂದುವ ಐಸಿಟಿ ಪಠ್ಯಪುಸ್ತಕ, ಅದರಲ್ಲೇ ಶಿಕ್ಷಕರ ತರಬೇತಿ, ಈ ಮೂರೂ ಒಟ್ಟಿಗೆ ಬಂದವು. ಪಠ್ಯಪುಸ್ತಕ ಕನ್ನಡದಲ್ಲೂ ಇರುವುದರಿಂದ ಮಂಜೇಶ್ವರ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ತಿರುವನಂತಪುರದ ಮಕ್ಕಳು ನೋಡುವ ಪರದೆಯನ್ನೇ ನೋಡುತ್ತಾರೆ. 2019ರಲ್ಲಿ ಹೊಸ ಆವೃತ್ತಿ ಬಂದಾಗ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಇದನ್ನು ಹಾಕುವುದರಿಂದ 3000 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಕೈಟ್ ಹೇಳಿತ್ತು. ಲೈಸೆನ್ಸುಗಳ ಪೇಟೆ ದರವನ್ನು ಗುಣಿಸಿ ತೆಗೆದಂಥ ಇಂಥ ಮೊತ್ತಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. ಕೊಳ್ಳದ ವಸ್ತುವಿನ ಬೆಲೆಯೆಲ್ಲ ಉಳಿತಾಯವಲ್ಲ. ಅಲ್ಲಿನ ಪ್ರತಿ ಶಾಲೆಯೂ ನೆಟ್‌ವರ್ಕ್ ಮೂಲಕವೇ ಓಎಸ್ ಹಾಕುತ್ತದೆ ಎಂದೂ ನಾನು ಹೇಳುತ್ತಿಲ್ಲ. ಒಂದೇ ಓಎಸ್ ಎಂದು ತೀರ್ಮಾನಿಸಿದ ಮೇಲೆ ಪಾಠ, ತರಬೇತಿ, ರಿಪೇರಿ ಎಲ್ಲಕ್ಕೂ ನೆಲೆ ಸಿಗುತ್ತದೆ ಎಂಬುದಕ್ಕೆ ಕಾಸರಗೋಡು ಸಾಕ್ಷಿ. ಕರ್ನಾಟಕದಲ್ಲೂ ಉಬುಂಟುವಿನಲ್ಲಿ ಶಿಕ್ಷಕರ ತರಬೇತಿಗಳು ನಡೆದಿವೆ, ಕೆಒಇಆರ್ ಎಂಬ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಕನ್ನಡದಲ್ಲೇ ಸಾಮಗ್ರಿ ಇದೆ. ತರಬೇತಿ ಮುಗಿಸಿ ಬಂದ ಶಿಕ್ಷಕಿಗೆ ತನ್ನ ಶಾಲೆಯಲ್ಲಿ ಅದೇ ಓಎಸ್ ಇರುವ ಯಂತ್ರ ಸಿಗಬೇಕು, ಅಷ್ಟೇ ಬಾಕಿ.

ವಿಂಡೋಸ್ ಬೇಕೇ ಬೇಕು ಎನ್ನುವವರ ವಾದವನ್ನು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಶಾಲಾ ಕಚೇರಿಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ವರ್ಷಗಳಿಂದ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರ ವಿನ್ಯಾಸದಲ್ಲಿ ಟೈಪ್ ಮಾಡಿದ ಕಡತಗಳಿವೆ. ಯೂನಿಕೋಡ್ ಅಲ್ಲದ ಆ ಕಡತವನ್ನು ಲಿನಕ್ಸಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಪರಿವರ್ತಕಗಳಿವೆ, ಆದರೆ ಕೋಷ್ಟಕ ತುಂಬಿದ ಕಡತ ಸಲೀಸಾಗಿ ಬರುವುದಿಲ್ಲ. ಹಾಗಾಗಿ ಕಚೇರಿಯ ಒಂದೆರಡು ಯಂತ್ರಗಳು ವಿಂಡೋಸಿನಲ್ಲೇ ಇರಲಿ. ಲ್ಯಾಬಿನ ವಿಷಯ ಬೇರೆ. ಅಲ್ಲಿ ಹಳೆಯ ಕಡತಗಳಿಲ್ಲ, ಕಲಿಯುವ ಕೈಗಳಿವೆ. ನುಡಿಯಲ್ಲಿ ರೂಢಿಯಾದ ಕಗಪ ಕೀಲಿಮಣೆ ಲಿನಕ್ಸಿನಲ್ಲೂ ಸಿದ್ಧವಾಗಿಯೇ ಬರುತ್ತದೆ, ಆದ್ದರಿಂದ ಬೆರಳಿನ ಅಭ್ಯಾಸ ಎರಡು ಕಡೆಗೂ ಸಲ್ಲುತ್ತದೆ. ಇನ್ನು ವಿಂಡೋಸನ್ನೇ ನೆಟ್‌ವರ್ಕಿನಲ್ಲಿ ಹಾಕಬೇಕೆಂದರೂ ದಾರಿಯಿದೆ. ತೈವಾನಿನವರು ಕಟ್ಟಿದ ಕ್ಲೋನ್‌ಜಿಲ್ಲಾ, ಅದಲ್ಲದೆ ಫಾಗ್ ಎಂಬ ತಂತ್ರಾಂಶ, ಸಿದ್ಧಪಡಿಸಿದ ಒಂದು ಡಿಸ್ಕಿನ ಪಡಿಯಚ್ಚನ್ನು ಏಕಕಾಲಕ್ಕೆ ಎಲ್ಲ ಯಂತ್ರಗಳಿಗೂ ಇಳಿಸುತ್ತವೆ. ಮಲ್ಟಿಕಾಸ್ಟ್ ಎಂಬ ವಿಧಾನದಲ್ಲಿ ಸರ್ವರ್ ಒಂದೇ ಸಲ ಕಳಿಸುತ್ತದೆ, ಇಪ್ಪತ್ತೂ ಯಂತ್ರಗಳು ಒಟ್ಟಿಗೆ ಹಿಡಿದುಕೊಳ್ಳುತ್ತವೆ. ಪಡಿಯಚ್ಚು ತೆಗೆಯುವುದು ಸುಲಭವಾಯಿತೆಂದು ಲೈಸೆನ್ಸ್ ಬಿಟ್ಟಿಯಾಗುವುದಿಲ್ಲ, ಪ್ರತಿ ಯಂತ್ರಕ್ಕೂ ಅದು ಬೇಕು. ಯಾರದೋ ಅಂಗಡಿಯ ಕಳ್ಳಪ್ರತಿಯನ್ನು ಇಡೀ ಲ್ಯಾಬಿಗೆ ಹಂಚುವುದಕ್ಕೆ ಈ ಲೇಖನವನ್ನು ಆಧಾರ ಮಾಡಿಕೊಳ್ಳಬೇಡಿ.

ಭದ್ರತೆಯ ಆಕ್ಷೇಪ ನನಗೆ ಇವೆಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ಟಿಎಫ್‌ಟಿಪಿಗೆ ಪಾಸ್‌ವರ್ಡ್ ಎಂಬುದೇ ಇಲ್ಲ. ಕೂಗಿದ ಕಂಪ್ಯೂಟರಿಗೆ ಮೊದಲು ಯಾರು ಓಗೊಟ್ಟರೋ ಅವರನ್ನೇ ಅದು ನಂಬುತ್ತದೆ. ಶಾಲೆಯ ರೂಟರೂ ನಮ್ಮ ಸರ್ವರೂ ಒಟ್ಟಿಗೆ ಉತ್ತರಿಸಿದರೆ ಗೊಂದಲವಾಗಿ ಅದೇ ಇ53 ಬಂದು ನಿಂತೀತು. ಡಿಎನ್‌ಎಸ್‌ಮ್ಯಾಸ್ಕ್ ಎಂಬ ಸಣ್ಣ ತಂತ್ರಾಂಶಕ್ಕೆ, ‘ವಿಳಾಸ ಹಂಚುವುದು ರೂಟರಿಗೆ ಬಿಡು, ಫೈಲಿನ ಹೆಸರು ಮಾತ್ರ ನೀನು ಹೇಳು’ ಎಂದು ಹೇಳಿಕೊಡಬಹುದು. ಅದಕ್ಕಿಂತ ಸುಲಭ, ಓಎಸ್ ಹಾಕುವಷ್ಟು ಹೊತ್ತು ರೂಟರಿನ ಕೇಬಲ್ಲನ್ನೇ ಎಳೆದಿಡುವುದು. ಹೀಗೆ ಬೇರ್ಪಟ್ಟ ಸ್ವಿಚ್ಚಿನೊಳಗೆ ಹೊರಗಿನವರು ನುಸುಳುವಂತಿಲ್ಲ. ಆದರೆ ದೊಡ್ಡ ಅನಾಹುತ ಹೊರಗಿನವರಿಂದ ಬರುವುದಲ್ಲ, ಒಂದು ಮೆನುವಿನಿಂದ ಬರುವುದು. ಕಂಪ್ಯೂಟರುಗಳ ಬಯೋಸಿನಲ್ಲಿ ನೆಟ್‌ವರ್ಕ್ ಬೂಟನ್ನೇ ಮೊದಲನೆಯದಾಗಿ ಇಟ್ಟು, ಸರ್ವರಿನ ಮೆನುವಿನಲ್ಲಿ ‘ಏನೂ ಒತ್ತದಿದ್ದರೆ ಇನ್‌ಸ್ಟಾಲ್ ಮಾಡು’ ಎಂದು ಬಿಟ್ಟು, ಸರ್ವರನ್ನು ಆರಿಸದೆ ಮನೆಗೆ ಹೋದರೆಂದುಕೊಳ್ಳಿ. ಬೆಳಿಗ್ಗೆ ಮಕ್ಕಳು ಬಂದು ಇಪ್ಪತ್ತು ಸ್ವಿಚ್ ಒತ್ತುತ್ತಿದ್ದಂತೆ ಇಪ್ಪತ್ತು ಡಿಸ್ಕುಗಳೂ ಕೇಳದೆ ಹೇಳದೆ ಅಳಿಸಿಹೋಗಿ ಹೊಸ ಓಎಸ್ ಇಳಿಯತೊಡಗುತ್ತದೆ. ಮಕ್ಕಳ ಪ್ರಾಜೆಕ್ಟು, ಮೇಷ್ಟ್ರ ಅಂಕಪಟ್ಟಿ ಎಲ್ಲ ಹೋಯಿತು. ಆದ್ದರಿಂದ ಮೆನುವಿನಲ್ಲಿ ತಾನಾಗಿ ಆಗುವ ಆಯ್ಕೆ ಯಾವಾಗಲೂ ‘ಒಳಗಿನ ಡಿಸ್ಕಿನಿಂದಲೇ ಏಳು’ ಎಂದಿರಬೇಕು, ಇನ್‌ಸ್ಟಾಲಿಗೆ ಪಾಸ್‌ವರ್ಡ್ ಇರಬೇಕು, ಕೆಲಸ ಮುಗಿದ ತಕ್ಷಣ ಸರ್ವರನ್ನು ಕಳಚಿಡಬೇಕು.

ಇದನ್ನೆಲ್ಲ ಮಾಡುವವರು ಯಾರು? ಗಣಿತ ಪಾಠ, ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸಗಳ ನಡುವೆ ಸಿಕ್ಕಿಕೊಂಡ ಶಿಕ್ಷಕರ ತಲೆಗೆ ಇನ್ನೊಂದು ಹೊರೆ ಕಟ್ಟುವುದಾದರೆ ಈ ಯೋಜನೆ ಹುಟ್ಟುವ ಮೊದಲೇ ಸತ್ತಂತೆ. ಪ್ರತಿ ಶಾಲೆಗೂ ಸರ್ವರ್ ಬೇಡ, ತಾಲ್ಲೂಕಿಗೊಂದು ಚೀಲ ಸಾಕು. ಓಎಸ್‌ಗಳನ್ನು ತುಂಬಿಟ್ಟ ಒಂದು ಲ್ಯಾಪ್‌ಟಾಪ್, 24 ಪೋರ್ಟಿನ ಒಂದು ಗಿಗಾಬಿಟ್ ಸ್ವಿಚ್, ಅಳತೆಗೆ ಕತ್ತರಿಸಿದ ಕೇಬಲ್ಲುಗಳ ಕಟ್ಟು, ಕ್ರಿಂಪಿಂಗ್ ಇಕ್ಕಳ, ಒಂದು ಹಿಡಿ ಆರ್‌ಜೆ45 ಕನೆಕ್ಟರುಗಳು, ಸ್ವಿಚ್ಚಿಗಷ್ಟೇ ಸಾಕಾಗುವ ಪುಟ್ಟ ಯುಪಿಎಸ್. ಲ್ಯಾಪ್‌ಟಾಪ್ ಬಿಟ್ಟರೆ ಉಳಿದದ್ದಕ್ಕೆ ಕೆಲವು ಸಾವಿರ ರೂಪಾಯಿ. ಬೈಕಿನ ಹಿಂದೆ ಕಟ್ಟಿಕೊಂಡು ಕುದೂರಿಗೂ ಹೋಗಬಹುದು, ತಿಪ್ಪಸಂದ್ರಕ್ಕೂ ಹೋಗಬಹುದು. ಚೀಲ ಇರಬೇಕಾದ ಜಾಗ ತಾಲ್ಲೂಕಿನ ಬಿಆರ್‌ಸಿ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ. ಕೈಗಳಿಗೂ ಬರವಿಲ್ಲ: ರಾಮನಗರದಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಘೌಸಿಯಾ ಎಂಜಿನಿಯರಿಂಗ್ ಕಾಲೇಜಿದೆ. ನೆಟ್‌ವರ್ಕಿಂಗ್ ಎಂಬ ವಿಷಯವನ್ನು ಪುಸ್ತಕದಿಂದ ಓದಿ, ಡಿಎಚ್‌ಸಿಪಿಯ ನಾಲ್ಕು ಹೆಜ್ಜೆಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ವಿದ್ಯಾರ್ಥಿಗಳಿಗೆ, ಅದೇ ನಾಲ್ಕು ಹೆಜ್ಜೆಗಳು ಒಂದು ಹಳ್ಳಿ ಶಾಲೆಯ ಪರದೆಯ ಮೇಲೆ ನಡೆಯುವುದನ್ನು ನೋಡುವುದಕ್ಕಿಂತ ಒಳ್ಳೆಯ ಇಂಟರ್ನ್‌ಶಿಪ್ ಯಾವುದಿದೆ? ಶಿಕ್ಷಕರು ಕಲಿಯಬೇಕಾದದ್ದು ಎರಡೇ, ಎಫ್12 ಒತ್ತುವುದು ಮತ್ತು ಮಕ್ಕಳ ಕಡತಗಳನ್ನು ಮೊದಲೇ ಬೇರೆ ಡಿಸ್ಕಿಗೆ ನಕಲು ಮಾಡಿಡುವುದು. ಎರಡನೆಯದನ್ನು ಮರೆಯುವವರೇ ಹೆಚ್ಚು.

ಕರೆಂಟಿನ ಮಾತೂ ಬರುತ್ತದೆ. ಅರ್ಧ ಇಳಿಯುವಾಗ ಕರೆಂಟ್ ಹೋದರೆ ಆ ಯಂತ್ರದ ಓಎಸ್ ಅರ್ಧಕ್ಕೇ ನಿಲ್ಲುತ್ತದೆ, ನಿಜ. ಮತ್ತೆ ಬಂದಾಗ ಎಫ್12 ಒತ್ತಿ ಮೊದಲಿನಿಂದ ಶುರು ಮಾಡಿದರಾಯಿತು. ಉತ್ತರಗಳನ್ನು ಯಾರೂ ಕೂತು ತುಂಬಬೇಕಿಲ್ಲವಾದ್ದರಿಂದ ಹೋಗುವುದು ಹೊತ್ತು ಮಾತ್ರ. ತೀರ ಹಳೆಯ ಯಂತ್ರಗಳಲ್ಲಿ ರ‍್ಯಾಮ್ ಕಡಿಮೆ ಇರುತ್ತದೆ. ಇಡೀ ಓಎಸ್ ಫೈಲನ್ನು ರ‍್ಯಾಮಿಗೇ ಎಳೆದುಕೊಳ್ಳುವ ಉಬುಂಟುವಿನ ಒಂದು ವಿಧಾನ 4 ಜಿಬಿ ಯಂತ್ರದಲ್ಲಿ ನಡೆಯುವುದಿಲ್ಲ. ಅಂಥ ಕಡೆ ಪುಟ್ಟ ಇನ್‌ಸ್ಟಾಲರ್ ಇರುವ ಡೆಬಿಯನ್ ವಾಸಿ, ಅದರ ಇನ್‌ಸ್ಟಾಲರಿನ ಭಾಷಾ ಪಟ್ಟಿಯಲ್ಲಿ ಕನ್ನಡವೂ ಇದೆ. ಹಳೆಯ ಬಯೋಸಿನ ಯಂತ್ರಕ್ಕೂ ಹೊಸ ಯುಇಎಫ್‌ಐ ಯಂತ್ರಕ್ಕೂ ಮೊದಲ ಫೈಲ್ ಬೇರೆ ಬೇರೆ ಬೇಕು, ಸರ್ವರಿನಲ್ಲಿ ಎರಡನ್ನೂ ಇಟ್ಟರೆ ಯಾರಿಗೆ ಯಾವುದು ಎಂದು ಅದೇ ನೋಡಿ ಕೊಡುತ್ತದೆ.

ನಿಜವಾಗಿ ಕೈಕಟ್ಟುವುದು ಮುಂದೆ ಕೊಳ್ಳುವ ಯಂತ್ರಗಳ ವಿಷಯ. ಪಿಎಕ್ಸ್‌ಇಗೆ ಕೇಬಲ್ ಬೇಕು, ವೈಫೈಯಲ್ಲಿ ಅದು ಸಾಮಾನ್ಯವಾಗಿ ನಡೆಯುವುದಿಲ್ಲ. ತೆಳ್ಳಗಿರಲೆಂದು ಲ್ಯಾನ್ ಪೋರ್ಟನ್ನೇ ಕಿತ್ತುಹಾಕಿದ ಲ್ಯಾಪ್‌ಟಾಪುಗಳನ್ನು ಶಾಲೆಗೆ ಕೊಂಡರೆ ಯುಎಸ್‌ಬಿ ಅಡಾಪ್ಟರ್ ಹುಡುಕಬೇಕು, ಅದನ್ನೂ ಎಲ್ಲ ಯಂತ್ರಗಳು ಒಪ್ಪುವುದಿಲ್ಲ. ಆದ್ದರಿಂದ ಶಾಲೆ, ಪಂಚಾಯಿತಿ, ದಾನಿ ಕಂಪನಿ ಯಾರೇ ಕೊಳ್ಳಲಿ, ಟೆಂಡರಿನಲ್ಲಿ ಎರಡು ಸಾಲು ಸೇರಿಸಬೇಕು. ಯಂತ್ರದಲ್ಲಿ ಲ್ಯಾನ್ ಪೋರ್ಟ್ ಇದ್ದು ನೆಟ್‌ವರ್ಕ್ ಬೂಟ್ ಚಾಲೂ ಆಗಿರಬೇಕು ಎಂಬುದು ಒಂದು. ಬಯೋಸಿಗೆ ಪಾಸ್‌ವರ್ಡ್ ಹಾಕಿದ್ದರೆ ಅದನ್ನು ಯಂತ್ರದ ಜೊತೆಯಲ್ಲೇ ಮುಖ್ಯ ಶಿಕ್ಷಕರಿಗೆ ಬರೆದು ಕೊಡಬೇಕು ಎಂಬುದು ಇನ್ನೊಂದು. ಹಿಂದಿನ ಮಾಲೀಕ ಕಂಪನಿಯ ಬಯೋಸ್ ಪಾಸ್‌ವರ್ಡ್ ತೆಗೆಯದೆ ಬಂದ ಕಂಪ್ಯೂಟರಿನಲ್ಲಿ ಬೂಟಿನ ದಾರಿ ಬದಲಾಯಿಸಲಾಗದೆ ಹೋಗಬಹುದು. ಆಗ ಚೀಲದಲ್ಲಿ ಏನಿದ್ದರೂ ಆ ಯಂತ್ರ ಮೊದಲು ಅಂಗಡಿಗೇ ಹೋಗಬೇಕಾಗುತ್ತದೆ.